ಮೋಟಾರು ಯಂತ್ರವು ಜಟಿಲವಾದದ್ದು ಯಾಕೆ?

ಹಿಂದೆ ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ಊರುಗಳ ಮಿಸ್ತ್ರಿಯು ಮೋಟಾರಿನ ದೋಷವನ್ನು ಕಿವಿಯಿಂದಲೇ ತಿಳಿದು, ಪಾನಾ ಹಿಡಿದು ಸರಿಪಡಿಸುತ್ತಿದ್ದನು. ಈಗಲಾದರೋ ಅನೇಕ ದೋಷಗಳನ್ನು ಕಾಣಲು ಕಂಪ್ಯೂಟರನ್ನು ಜೋಡಿಸಬೇಕಾಗುತ್ತದೆ. ಹಳೆಯದೇ ಲೇಸೆಂದು ಹಲವರು ಹೇಳುವದುಂಟು. ಈ ಮಾತನ್ನು ನಾವು ವಿಚಾರಿಸೋಣ.

ಈ ಯಂತ್ರಕ್ಕೆ ಯಜಮಾನರು ಇಬ್ಬರು: ಒಂದು ಸರಕಾರದ ನಿಯಮ, ಇನ್ನೊಂದು ಕೊಳ್ಳುವವರ ಇಚ್ಛೆ.

ಮೊದಲನೆಯದಾಗಿ ನಿಯಮವನ್ನು ನೋಡುವ. 1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರಸಲು ಕಾರ್ಬ್ಯುರೇಟರು ಒಂದೇ ಸಾಕಾಗಿತ್ತು. ಆದರೆ ಹೊಗೆಯಲ್ಲಿ ಮೂರು ಕೇಡುಗಳಿವೆ: ಕಾರ್ಬನ್ ಮೊನಾಕ್ಸೈಡು, ಸುಡದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳು. ಇವುಗಳನ್ನು ಶಮನಮಾಡುವದಕ್ಕೆ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರನ್ನು ಇಟ್ಟರು. ಸೀಸವು ಅದನ್ನು ಕೆಡಿಸುವದರಿಂದ 2000ದಲ್ಲಿ ದೇಶದಲ್ಲೆಲ್ಲಾ ಸೀಸವಿಲ್ಲದ ಪೆಟ್ರೋಲು ಬಂತು. ಮೂರು ಕೇಡುಗಳೂ ಒಟ್ಟಿಗೆ ಕಳೆಯಬೇಕಾದರೆ ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಬೇಕು. ಇಷ್ಟು ಸೂಕ್ಷ್ಮವಾದ ಅಳತೆಯು ಕಾರ್ಬ್ಯುರೇಟರಿಗೆ ಸಾಧ್ಯವಲ್ಲ. ಆದದರಿಂದ ಇಂಧನವನ್ನು ಅಳೆದು ಚಿಮುಕಿಸುವ ಇಂಜೆಕ್ಟರು, ಹೊಗೆಯ ಆಮ್ಲಜನಕವನ್ನು ಅರಿಯುವ ಸೆನ್ಸರು, ಇವುಗಳನ್ನು ಕ್ಷಣಕ್ಷಣಕ್ಕೂ ಆಳುವ ಕಂಪ್ಯೂಟರು ಒಂದರ ಹಿಂದೆ ಒಂದು ಸೇರಿದವು. 2020ನೇ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮವು ದೇಶಕ್ಕೆಲ್ಲಾ ಅನ್ವಯಿಸಿತು. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಮಸಿಯ ಮಿತಿಯು 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು, ಮಸಿಯನ್ನು ಹಿಡಿಯುವ ಸೋಸಣಿಗೆಯೂ ಬಂತು.

ಎರಡನೆಯದಾಗಿ, ಕೊಳ್ಳುವವರಿಗೆ ಇಂಧನದ ಉಳಿತಾಯವೂ ಬೇಕು, ವೇಗವೂ ಬೇಕು. ಚಿಕ್ಕ ಎಂಜಿನು ಇಂಧನವನ್ನು ಉಳಿಸುವದು, ಆದರೆ ಅದಕ್ಕೆ ಬಲ ಸಾಲದು. ಆ ಕೊರತೆಯನ್ನು ನೀಗಲು ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರನ್ನು ಜೋಡಿಸುತ್ತಾರೆ.

ಜಟಿಲತೆಗೆ ಬೆಲೆಯುಂಟು. ಊರೊಳಗೆ ಮಾತ್ರ ತಿರುಗುವ ಡೀಸೆಲ್ ಕಾರಿನ ಸೋಸಣಿಗೆಯು ಮಸಿ ಸುಡುವಷ್ಟು ಕಾಯದೆ ಕಟ್ಟಿಕೊಳ್ಳುವದು. ಅಂಥ ಬಳಕೆಯವರು ಪೆಟ್ರೋಲ್ ಕಾರನ್ನು ಕೊಳ್ಳುವದೇ ಮೇಲು. ಸಿಮೆಂಟಿನ ವಾಡಿ, ಹಾಸುಗಲ್ಲಿನ ಶಹಾಬಾದಗಳ ಧೂಳಿನಲ್ಲಿ ಓಡಾಡುವವರು ಗಾಳಿಯ ಫಿಲ್ಟರನ್ನು ಮೇಲಿಂದ ಮೇಲೆ ನೋಡಿಸತಕ್ಕದ್ದು. ಹೊಸ ವಿದ್ಯೆಯನ್ನು ಕಲಿಯದ ಮಿಸ್ತ್ರಿಗೆ ಜೀವನವೂ ಕಷ್ಟವಾಗಿದೆ. ಅವನ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಈ ವಿದ್ಯೆಯನ್ನು ಕಲಿಸುವದು ನಮ್ಮೆಲ್ಲರ ಹೊಣೆ.

ಆದರೂ ಹಳೆಯದೇ ಲೇಸೆನ್ನಲಾಗದು. ಕಾರಿನ ಸುಖವು ಒಳಗೆ ಕೂತವರಿಗೆ. ಅದರ ಹೊಗೆಯು ಬದಿಯಲ್ಲಿ ನಡೆದು ಶಾಲೆಗೆ ಹೋಗುವ ಮಗುವಿಗೆ. ಆ ಮಗುವಿನ ಉಸಿರಿಗಾಗಿ ಕಾರುಳ್ಳವರು ತುಸು ಹೆಚ್ಚು ವೆಚ್ಚವನ್ನು ಹೊರುವದು ನ್ಯಾಯವೇ ಸರಿ.