ಸಂಘದ ಅರ್ಜಿಯನ್ನು ಹರಿಯಬೇಡ, ಮಗಳೇ

ಕೆಲಸ ಸಿಕ್ಕ ಮೊದಲ ವರ್ಷವೇ ಸಂಘದವರು ಆಜೀವ ಸದಸ್ಯತ್ವದ ಅರ್ಜಿ ಕಳಿಸಿದ್ದಾರಂತೆ. ‘ಜಾತಿ ಸಂಘದ ಸಹವಾಸವೇ ಬೇಡ’ ಎಂದು ನೀನು ಅದನ್ನು ಬದಿಗಿಟ್ಟೆ ಎಂದು ನಿನ್ನಮ್ಮ ಹೇಳಿದಳು. ಆ ಸಂಕೋಚ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ್ದು, ಅದರ ಮೇಲೆ ನನಗೆ ಗೌರವವಿದೆ. ಆದರೂ ಅರ್ಜಿ ಹರಿದುಹಾಕುವ ಮುಂಚೆ ಮಾವನ ನಾಲ್ಕು ಮಾತು ಕೇಳು.

ಪಿಯುಸಿಯಿಂದ ಡಿಗ್ರಿ ಮುಗಿಯುವ ತನಕ ನೀನು ಉಂಡು, ಮಲಗಿ, ಓದಿದ್ದು ಆ ಸಂಘದ ಹಾಸ್ಟೆಲಿನಲ್ಲಿ. ಇಂಥ ಹಾಸ್ಟೆಲುಗಳು ಯಾರ ದರ್ಪಕ್ಕೂ ಹುಟ್ಟಿದವಲ್ಲ, ಹಸಿವಿಗೆ ಹುಟ್ಟಿದವು. ನೂರಿಪ್ಪತ್ತು ವರ್ಷದ ಹಿಂದೆ ಹಳ್ಳಿಯ ಹುಡುಗ ಮೈಸೂರಿಗೋ ಬೆಂಗಳೂರಿಗೋ ಓದಲು ಬಂದರೆ ಶಾಲೆಯ ಫೀಜಿಗಿಂತ ಎರಡು ಹೊತ್ತಿನ ಊಟವೇ ದೊಡ್ಡ ಚಿಂತೆ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು; ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಳಿದವರಿಗೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಬುತ್ತಿ ಖಾಲಿಯಾದ ದಿನ ಊರಿಗೆ ಮರಳಿದವರೆಷ್ಟೋ, ಓದನ್ನೇ ಬಿಟ್ಟವರೆಷ್ಟೋ. 1905ರಲ್ಲಿ ಮೈಸೂರು ಸೀಮೆಯಲ್ಲಿ ಲಿಂಗಾಯತರು ವಿದ್ಯೆಗಾಗಿ ನಿಧಿ ಕೂಡಿಸಿದರು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟರುಗಳು ಸೇರಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದರು. ಮಠಗಳೂ ಪ್ರಸಾದ ನಿಲಯ ತೆರೆದವು. ಮುಂದೆ ಸರ್ಕಾರಿ ನೌಕರಿಯಲ್ಲಿ ನಮಗೂ ಪಾಲು ಬೇಕೆಂದು ಹಿಂದುಳಿದವರು ದನಿ ಎತ್ತಿದಾಗ, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ದನಿ ಎತ್ತಬಲ್ಲ, ಅರ್ಜಿ ಬರೆಯಬಲ್ಲ ಹುಡುಗರನ್ನು ತಯಾರು ಮಾಡಿದ್ದರಲ್ಲಿ ಹಾಸ್ಟೆಲಿನ ಅನ್ನದ ಪಾಲು ದೊಡ್ಡದು.

ನಿನ್ನ ತಕರಾರೂ ಸುಳ್ಳಲ್ಲ. ನಮ್ಮ ದೇಶದಲ್ಲಿ ಕುಟುಂಬ, ಜಾತಿ, ಮಠಗಳಿಗೆ ಎರಡು ಮುಖ. ಕಷ್ಟಕ್ಕೆ ಕೈಹಿಡಿಯುವ ನೆಂಟರೇ ಮಾತು ಮೀರಿದವರನ್ನು ಹೊರಗೂ ಹಾಕುತ್ತಾರೆ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರ ಬದುಕನ್ನು ಓದು. ದಲಿತ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದರು. ಅದಕ್ಕೆ ಅವರ ಸಾರಸ್ವತ ಸಮಾಜ ಬಹಿಷ್ಕಾರ ಹಾಕಿತು. ಅವರು ಹಿಂಜರಿಯಲಿಲ್ಲ; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವೂ ಸಿಗುತ್ತಿತ್ತು. ಹಳೆಯ ವ್ಯವಸ್ಥೆ ತಪ್ಪೆಂದು ಕಂಡವರು ಮನೆಯಲ್ಲಿ ಕೂತು ಬೈಯಲಿಲ್ಲ, ಇನ್ನೊಂದು ಸಂಸ್ಥೆ ನಿಲ್ಲಿಸಿದರು. ಅದಕ್ಕೇ ಅವರು ನನಗೆ ದೊಡ್ಡವರು.

ತುಮಕೂರಿನ ಸಿದ್ಧಗಂಗೆಯನ್ನು ನೀನೇ ನೋಡಿದ್ದೀಯ. ಯಾವ ಜಾತಿ, ಯಾವ ಧರ್ಮ ಎಂದು ನೋಡದೆ ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ ಉಚಿತ. ಒಂದು ಪರಂಪರೆಯ ಮಠ ಎಲ್ಲರ ಮನೆಯಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಠಕ್ಕೆ ಸಾಧ್ಯವಾದದ್ದು ನಿನ್ನ ಸಂಘಕ್ಕೆ ಯಾಕೆ ಸಾಧ್ಯವಿಲ್ಲ? ಆ ಪ್ರಶ್ನೆಯನ್ನು ಕೇಳಬೇಕಾದವಳು ನೀನು. ಆದರೆ ರಸ್ತೆಯಲ್ಲಿ ನಿಂತು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ, ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿದರೆ ಕೊಡಲೇಬೇಕಾಗುತ್ತದೆ. ನೋಂದಣಿಯಾದ ಸಂಘ ವರ್ಷಕ್ಕೊಮ್ಮೆ ಆ ಸಭೆ ಕರೆಯಬೇಕು, ಆಡಿಟ್ ಆದ ಲೆಕ್ಕವನ್ನು ಸದಸ್ಯರ ಮುಂದಿಡಬೇಕು. ಓದಿದ ಮಕ್ಕಳು ದೂರ ಉಳಿದಷ್ಟೂ ಸಂಘಗಳು ಚುನಾವಣೆಗೆ ನಿಲ್ಲುವವರ, ಕಾಂಪ್ಲೆಕ್ಸ್ ಬಾಡಿಗೆ ಎಣಿಸುವವರ ಕೈಗೆ ಹೋಗುತ್ತವೆ. ಒಳಜಗಳ ಬೀದಿಗೆ ಬಂದು ಸರ್ಕಾರವೇ ಆಡಳಿತಾಧಿಕಾರಿಯನ್ನು ಕೂರಿಸಿದ ಸಂಘಗಳೂ ನಮ್ಮ ರಾಜ್ಯದಲ್ಲಿವೆ. ಇದು ನನಗೆ ಬಹಳ ನೋವಿನ ಸಂಗತಿ. ಸಂಕ್ರಾಂತಿ ಸುಗ್ಗಿಯಲ್ಲಿ ರಾಗಿ ಅಳೆದು ಕೊಟ್ಟ ರೈತರ ದುಡ್ಡು ಆ ಸಂಘಗಳ ಕಟ್ಟಡಗಳಲ್ಲಿದೆ.

ಸದಸ್ಯೆಯಾದ ಮೇಲೆ ಜಾತ್ರೆ, ಸನ್ಮಾನ, ವಧೂವರರ ಸಮಾವೇಶಕ್ಕೆ ಹೋಗದಿದ್ದರೂ ನಡೆಯುತ್ತದೆ. ವಾರ್ಷಿಕ ವರದಿಯನ್ನು ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದು. ಹೆಣ್ಣುಮಕ್ಕಳ ಹಾಸ್ಟೆಲಿಗೆ ಎಷ್ಟು ಖರ್ಚಾಯಿತು, ಸಮುದಾಯ ಭವನಕ್ಕೆ ಎಷ್ಟು ಹೋಯಿತು ಎಂದು ನೋಡು. ಅಡುಗೆಯವರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ ವಿಚಾರಿಸು; ಅವರ ಕೈಯ ಅನ್ನವನ್ನೇ ನೀನು ಉಂಡದ್ದು. ಸಂಘದ ಹುಡುಗಿಯೊಬ್ಬಳು ಬೇರೆ ಜಾತಿಯವನನ್ನು ಮದುವೆಯಾದಳೆಂದು ಅವಳ ಅಪ್ಪನನ್ನು ಯಾರಾದರೂ ಸಮಿತಿಯಿಂದ ಇಳಿಸಲು ಹೊರಟರೆ, ಅವನ ಪಕ್ಕದಲ್ಲಿ ನಿಲ್ಲು. ಆ ದಿನ ಸುಮ್ಮನಿದ್ದರೆ ನಿನ್ನ ಸದಸ್ಯತ್ವಕ್ಕೆ ಬೆಲೆಯಿಲ್ಲ.

ಅರ್ಜಿಗೆ ಸಹಿ ಹಾಕು, ಮಗಳೇ. ಸಭೆಯ ನೋಟಿಸ್ ಬಂದ ಕೂಡಲೇ ನಿನ್ನ ಠರಾವನ್ನು ಬರೆದು ಕಳಿಸು: ಹಾಸ್ಟೆಲಿನ ಒಂದಿಷ್ಟು ಸೀಟು ಜಾತಿ ಕೇಳದೆ ಬಡ ಹೆಣ್ಣುಮಕ್ಕಳಿಗೆ ಮೀಸಲಾಗಬೇಕು. ಮೊದಲ ವರ್ಷ ಬಿದ್ದುಹೋದರೆ ಮರುವರ್ಷ ಮತ್ತೆ ತಾ, ಜೊತೆಗೆ ನಿನ್ನ ಹಾಸ್ಟೆಲಿನ ಗೆಳತಿಯರನ್ನೂ ಸದಸ್ಯರನ್ನಾಗಿ ಮಾಡಿ ಕರೆತಾ.