ರೋಮನ್ ಶಿಲ್ಪದ ಅಳಿದ ಬಣ್ಣ

ಪ್ರಾಚೀನ ರೋಮ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಾಲಿನಂತೆ ಬಿಳುಪಾದ ಅಮೃತಶಿಲೆಯ ವಿಗ್ರಹಗಳು, ಬಿಳಿಯ ಕಂಬಗಳ ಸಾಲು. ಪಠ್ಯಪುಸ್ತಕದ ಚಿತ್ರಗಳಲ್ಲಿ ಕಂಡ ಈ ಬಿಳುಪನ್ನು ನಾನೂ ನಂಬಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಚ್ಚಾದುದೆಲ್ಲ ಸತ್ಯವೆಂದೇ ತಿಳಿದಿದ್ದವನು. ಆದರೆ ಆ ಬಿಳುಪು ರೋಮನ್ನರು ಬಯಸಿದ್ದಲ್ಲ, ಬಣ್ಣ ಅಳಿದ ಮೇಲೆ ಉಳಿದದ್ದು.

ಮೊದಲು ಕಟ್ಟಡಗಳನ್ನು ನೋಡೋಣ. ಇಟ್ಟಿಗೆಯ ರೋಮನ್ನು ಅಮೃತಶಿಲೆಯ ನಗರವಾಗಿ ಮಾಡಿದೆನೆಂದು ಅಗಸ್ಟಸ್ ಚಕ್ರವರ್ತಿ ಹೆಮ್ಮೆಪಡುತ್ತಿದ್ದನೆಂದು ಸ್ಯುಟೋನಿಯಸ್ ಬರೆದಿದ್ದಾನೆ. ಆ ಶಿಲೆಯೆಲ್ಲ ಬಿಳಿಯದಲ್ಲ. ಬಿಳಿಯ ಕಲ್ಲು ಇಟಲಿಯ ಲೂನಾದಿಂದ, ಎಂದರೆ ಈಗಿನ ಕರಾರಾ ಗಣಿಗಳಿಂದ, ಬರುತ್ತಿತ್ತು. ಹಳದಿ ಕಲ್ಲು ಈಗಿನ ಟ್ಯುನೀಸಿಯದಿಂದ, ನೇರಳೆ ಗೆರೆಯ ಕಲ್ಲು ಈಗಿನ ತುರ್ಕಿಯಲ್ಲಿರುವ ಫ್ರಿಜಿಯದಿಂದ, ನೇರಳೆಗೆಂಪಿನ ಪೋರ್ಫಿರಿ ಈಜಿಪ್ಟಿನ ಮರುಭೂಮಿಯಿಂದ ಬರುತ್ತಿದ್ದವು. ರೋಮಿನ ಪ್ಯಾಂಥಿಯನ್ ದೇಗುಲದ ನೆಲದಲ್ಲಿ ಈ ಬಣ್ಣದ ಕಲ್ಲುಗಳನ್ನು ಇಂದಿಗೂ ಕಾಣಬಹುದು. ಆ ನೆಲವೇ ಚಕ್ರಾಧಿಪತ್ಯದ ಭೂಪಟದಂತಿದೆ.

ಇನ್ನು ವಿಗ್ರಹಗಳ ವಿಚಾರ. ಶಿಲ್ಪಿ ಕೆತ್ತಿ ಮುಗಿಸಿದ ಮೇಲೆ ವರ್ಣಕಾರನ ಕೆಲಸ ಆರಂಭವಾಗುತ್ತಿತ್ತು. ಕಾವಿಮಣ್ಣು, ಇಂಗಳೀಕ, ತಾಮ್ರ ಬೆರೆಸಿ ಕಾಯಿಸಿ ತಯಾರಿಸಿದ ಈಜಿಪ್ಟಿನ ನೀಲಿ—ಇವುಗಳಿಂದ ಕೂದಲು, ಕಣ್ಣು, ತುಟಿ, ಉಡುಪುಗಳಿಗೆ ಬಣ್ಣ ಕೊಡುತ್ತಿದ್ದರು. ಅಮೃತಶಿಲೆಯ ನಗ್ನಮೂರ್ತಿಗಳಿಗೆ ಮೇಣ ಬಳಿದು ಬಟ್ಟೆಯಿಂದ ಉಜ್ಜುವ ಪದ್ಧತಿಯನ್ನು ವಿಟ್ರೂವಿಯಸ್ ಹೇಳಿದ್ದಾನೆ. ಪ್ಲಿನಿ ಒಂದು ಸ್ವಾರಸ್ಯದ ಮಾತನ್ನು ದಾಖಲಿಸಿದ್ದಾನೆ: ಗ್ರೀಕರ ಮಹಾಶಿಲ್ಪಿ ಪ್ರಾಕ್ಸಿಟೆಲೀಸನನ್ನು, ನಿನ್ನ ವಿಗ್ರಹಗಳಲ್ಲಿ ನಿನಗೆ ಮೆಚ್ಚಿನವು ಯಾವುವೆಂದು ಕೇಳಿದಾಗ, ಚಿತ್ರಕಾರ ನಿಕಿಯಾಸನು ಕೈಯಾಡಿಸಿದವು ಎಂದನಂತೆ.

ಹಾಗಾದರೆ ಬಣ್ಣವೆಲ್ಲಿ ಹೋಯಿತು? ಬಿಸಿಲು, ಮಳೆ, ಮಣ್ಣುಗಳು ಬಹುಪಾಲನ್ನು ತಿಂದವು. ಅಗೆದು ತೆಗೆದವರು ತಿಕ್ಕಿ ತೊಳೆದು ಉಳಿದುದನ್ನೂ ಕಳೆದರು. ಪುನರುಜ್ಜೀವನ ಕಾಲದ ಶಿಲ್ಪಿಗಳು ಬರಿಗಲ್ಲನ್ನೇ ಆದರ್ಶವಾಗಿಟ್ಟುಕೊಂಡರು. 1764ರಲ್ಲಿ ಪ್ರಾಚೀನ ಕಲೆಯ ಇತಿಹಾಸವನ್ನು ಬರೆದ ಜರ್ಮನ್ ವಿದ್ವಾಂಸ ವಿಂಕೆಲ್ಮನ್ ದೇಹ ಬೆಳ್ಳಗಿದ್ದಷ್ಟೂ ಚೆಲುವು ಹೆಚ್ಚೆಂದನು. ಹೀಗೆ ನಷ್ಟವೇ ಸೌಂದರ್ಯದ ಅಳತೆಗೋಲಾಯಿತು.

ಸಾಕ್ಷ್ಯ ಮಾತ್ರ ಪೂರ್ಣ ಅಳಿಯಲಿಲ್ಲ. 1863ರಲ್ಲಿ ರೋಮಿನ ಬಳಿಯ ಪ್ರೀಮಾ ಪೋರ್ತಾದಲ್ಲಿ ದೊರೆತ ಅಗಸ್ಟಸನ ವಿಗ್ರಹದ ಮೇಲೆ ಕೆಂಪು, ನೀಲಿಗಳ ಕುರುಹುಗಳಿದ್ದವು. 2006ರಲ್ಲಿ ಹರ್ಕ್ಯುಲೇನಿಯಮ್ಮಿನಲ್ಲಿ ಸಿಕ್ಕ ಆಮೆಜಾನ್ ಯೋಧೆಯ ಶಿರದಲ್ಲಿ ಕೂದಲಿನ, ರೆಪ್ಪೆಯ ಬಣ್ಣವೂ ಉಳಿದಿತ್ತು. 2012ರಲ್ಲಿ ಟೈಟಸನ ವಿಜಯದ್ವಾರವನ್ನು ಪರೀಕ್ಷಿಸಿದಾಗ, ಅಲ್ಲಿ ಕೆತ್ತಿದ ಯೆಹೂದ್ಯರ ದೀಪಸ್ತಂಭಕ್ಕೆ ಹಳದಿ ಬಣ್ಣವಿದ್ದುದು ತಿಳಿದುಬಂದಿತು. ಬರಿಗಣ್ಣಿಗೆ ಕಾಣದ ಈಜಿಪ್ಟಿನ ನೀಲಿಯ ಕಣವೂ, ಬೆಳಕು ಬಿಟ್ಟು ಅವಕೆಂಪು ಕಿರಣಗ್ರಾಹಿ ಕ್ಯಾಮರಾದಲ್ಲಿ ನೋಡಿದರೆ, ಹೊಳೆಯುತ್ತದೆ.

ವಾಚಕ ಮಿತ್ರರೇ, ಇದು ಕೇವಲ ಬಣ್ಣದ ಮಾತಲ್ಲ. ಶಿಲ್ಪಿಯ ಹೆಸರನ್ನು ಉಳಿಸಿದ ಚರಿತ್ರೆ ವರ್ಣಕಾರನ ದುಡಿಮೆಯನ್ನು ಮರೆಯಿತು. ಪ್ರಾಕ್ಸಿಟೆಲೀಸನು ಮಾತ್ರ ಮರೆತಿರಲಿಲ್ಲ. ಈಗ ಪುಸ್ತಕದಲ್ಲಿ ಬಿಳಿಯ ವಿಗ್ರಹವನ್ನು ಕಂಡಾಗ, ಇದರಿಂದ ಅಳಿದದ್ದೇನು, ಅದನ್ನು ಮಾಡಿದವರಾರು ಎಂದು ಕೇಳಿಕೊಳ್ಳುತ್ತೇನೆ. ಮೂರು ವರ್ಷಗಳ ಓದಿನಿಂದ ನಾನು ಮನೆಗೆ ಕೊಂಡೊಯ್ಯುವುದು ಆ ಪ್ರಶ್ನೆಯನ್ನೇ.