ಸರಾಸರಿ ಸರಿಯಿದ್ದರೆ ಸಾಲದು: ಲಿಥಿಯಂ ಬ್ಯಾಟರಿಯ ಲೆಕ್ಕ

ಹುಣಸೂರು, ಪಿರಿಯಾಪಟ್ಟಣದ ರಸ್ತೆಗಳಲ್ಲಿ ಈಗ ಎಲೆಕ್ಟ್ರಿಕ್ ಸ್ಕೂಟರ್‌ಗಳೂ ಆಟೋಗಳೂ ದಿನವೂ ಕಾಣುತ್ತವೆ. ರಾತ್ರಿ ಚಾರ್ಜಿಗೆ ಹಾಕಿ ಬೆಳಿಗ್ಗೆ ತೆಗೆದರಾಯಿತು ಎನ್ನುವವರೇ ಹೆಚ್ಚು. ಒಳಗೆ ನಡೆಯುವುದೇನೆಂದು ತಿಳಿದುಕೊಂಡರೆ ಬ್ಯಾಟರಿಯೂ ಬಾಳುತ್ತದೆ, ಅಪಾಯವೂ ತಪ್ಪುತ್ತದೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಸಂಖ್ಯಾಶಾಸ್ತ್ರದ ಸರಾಸರಿಯ ಪಾಠ.

ನಾವು ಬ್ಯಾಟರಿ ಎಂದು ಕರೆಯುವ ಪೆಟ್ಟಿಗೆಯೊಳಗೆ ಅನೇಕ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಬಗೆಯ ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಅಂಥ 13 ಸೆಲ್‌ಗಳಿದ್ದರೆ ಒಟ್ಟು 54.6 ವೋಲ್ಟ್. ಚಾರ್ಜರ್ ಮೊದಲು ಒಂದೇ ಪ್ರಮಾಣದ ಕರೆಂಟ್ ಕೊಡುತ್ತದೆ. 54.6 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದಿಟ್ಟು, ಕರೆಂಟ್ ತಾನಾಗಿ ಇಳಿಯಲು ಬಿಡುತ್ತದೆ.

ಆದರೆ ಚಾರ್ಜರಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ. 12 ಸೆಲ್‌ಗಳು ತಲಾ 4.18 ವೋಲ್ಟ್‌ನಲ್ಲಿದ್ದು, ಒಂದು 4.44ಕ್ಕೆ ಏರಿದೆ ಎನ್ನಿ. ಮೊತ್ತ ಆಗಲೂ 54.6, ಸರಾಸರಿಯೂ 4.2! ಲೆಕ್ಕ ಸರಿಯಾಗಿ ಕಂಡರೂ ಆ ಒಂದು ಸೆಲ್ ಅಪಾಯದಲ್ಲಿದೆ. ಮನೆಯ ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಸ್ವಲ್ಪ ಹೆಚ್ಚು ಚಾರ್ಜ್ ಆದರೆ ನೀರು ಅನಿಲವಾಗಿ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ ಸರಿಮಾಡಬಹುದು. ಲಿಥಿಯಂ ಸೆಲ್ಲಿಗೆ ಆ ಅನುಕೂಲವಿಲ್ಲ. ಮಿತಿ ಮೀರಿದರೆ ಅದು ಕೆಡುತ್ತದೆ, ಉಬ್ಬುತ್ತದೆ, ಬೆಂಕಿಯೂ ಹೊತ್ತಬಹುದು.

ಅದಕ್ಕಾಗಿಯೇ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆಯುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಬಿಎಂಎಸ್ ಇರುತ್ತದೆ. ಒಂದು ಸೆಲ್ ಮಿತಿ ಮುಟ್ಟಿದರೂ ಅದು ಚಾರ್ಜಿಂಗ್ ನಿಲ್ಲಿಸುತ್ತದೆ. ಒಂದು ಸೆಲ್ ಖಾಲಿಯಾದರೂ ಗಾಡಿ ನಿಲ್ಲಿಸುತ್ತದೆ. ಹೆಚ್ಚು ತುಂಬಿದ ಸೆಲ್ಲಿನ ಕರೆಂಟನ್ನು ರೆಸಿಸ್ಟರ್ ಮೂಲಕ ಶಾಖವಾಗಿ ಕಳೆದು, ಉಳಿದವು ಅದರ ಸಮಕ್ಕೆ ಬರಲು ಬಿಡುತ್ತದೆ. ಇದೇ ಸೆಲ್ ಬ್ಯಾಲೆನ್ಸಿಂಗ್. ಈ ಕೆಲಸ ಬಹಳ ನಿಧಾನ. 100 ಮಿಲಿ ಆಂಪಿಯರ್‌ನಂತೆ ಕಳೆದರೆ, 1 ಆಂಪಿಯರ್-ಅವರ್ ವ್ಯತ್ಯಾಸ ಸರಿಹೋಗಲು 10 ಗಂಟೆ ಬೇಕು. ಅದೂ ಸಾಮಾನ್ಯವಾಗಿ ನಡೆಯುವುದು ಚಾರ್ಜಿಂಗ್ ಮುಗಿಯುವ ಹೊತ್ತಿಗೆ.

ನಮ್ಮ ಚಾಚಾ ಎಲೆಕ್ಟ್ರಿಕ್ ಆಟೋ ಓಡಿಸುತ್ತಾರೆ. ಸಾಲದ ಕಂತು ಇನ್ನೂ ಮುಗಿದಿಲ್ಲ. ಶೇ. 30 ತೋರಿಸುತ್ತಿರುವಾಗಲೇ ಆಟೋ ನಿಲ್ಲತೊಡಗಿತು. ಒಬ್ಬರು ಹೊಸ ಬ್ಯಾಟರಿಯೇ ಬೇಕೆಂದರು. ಇನ್ನೊಬ್ಬ ಮೆಕ್ಯಾನಿಕ್ ಒಂದೊಂದೇ ಸೆಲ್ ಅಳೆದು, ಒಂದು ಮಾತ್ರ ಹಿಂದೆ ಬಿದ್ದಿರುವುದನ್ನು ತೋರಿಸಿದರು. ಬಾಡಿಗೆ ಬಂದ ಕೂಡಲೇ ಚಾಚಾ ಅರ್ಧಕ್ಕೆ ಪ್ಲಗ್ ಕಿತ್ತು ಹೊರಡುತ್ತಿದ್ದರು. ಬ್ಯಾಲೆನ್ಸಿಂಗಿಗೆ ಸಮಯವೇ ಸಿಕ್ಕಿರಲಿಲ್ಲ. ಅವರದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚು ಬದಲಾಗುವುದಿಲ್ಲ. ಸೆಲ್‌ಗಳ ವ್ಯತ್ಯಾಸ ಸ್ಪಷ್ಟವಾಗುವುದು ಪೂರ್ತಿ ತುಂಬುವಾಗ. ಕೆಲವು ದಿನ ಪೂರ್ತಿ ಚಾರ್ಜ್ ಮಾಡಿ, ಆಮೇಲೂ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಆಟೋ ಮೊದಲಿನಂತೆ ಓಡಿತು. ಸೆಲ್ಲಿನ ಸಾಮರ್ಥ್ಯವೇ ಕುಗ್ಗಿದ್ದರೆ ಮಾತ್ರ ಬ್ಯಾಲೆನ್ಸಿಂಗ್‌ನಿಂದ ಅದು ಮರಳಿ ಬರುವುದಿಲ್ಲ.

2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಸುರಕ್ಷತಾ ನಿಯಮವನ್ನು ಬಿಗಿ ಮಾಡಿತು. ಅದು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ಬಂತು. ಆದರೂ ನಮ್ಮ ಎಚ್ಚರ ನಮಗಿರಬೇಕು:

1. ಗಾಡಿಗೆ ಕೊಟ್ಟ ಚಾರ್ಜರನ್ನೇ ಬಳಸಿ. ಪಿನ್ ಕೂಡುತ್ತದೆಂದು 54.6 ವೋಲ್ಟಿನ ಬ್ಯಾಟರಿಗೆ 58.8 ವೋಲ್ಟಿನ ಚಾರ್ಜರ್ ಹಾಕಬೇಡಿ.
2. ಬಿಸಿಲಲ್ಲಿ ಓಡಿಸಿ ಬಂದರೆ ಬ್ಯಾಟರಿ ತಣಿದ ಮೇಲೆ ಚಾರ್ಜ್ ಮಾಡಿ.
3. ಪೂರ್ತಿ ಚಾರ್ಜ್ ಎಷ್ಟು ದಿನಕ್ಕೊಮ್ಮೆ ಬೇಕೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ. ಎಲ್ಲ ಬ್ಯಾಟರಿಗೂ ಒಂದೇ ನಿಯಮವಿಲ್ಲ.
4. ಮನೆಯಿಂದ ಹೊರಬರುವ ಬಾಗಿಲು, ಮೆಟ್ಟಿಲ ಬಳಿ ಚಾರ್ಜಿಗೆ ಇಡಬೇಡಿ.
5. ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ ಬಳಕೆ ನಿಲ್ಲಿಸಿ. ನೀವೇ ಬಿಚ್ಚಬೇಡಿ.

ಹೊಸ ಬ್ಯಾಟರಿಗೆ ಸಾಲ ಮಾಡುವ ಮೊದಲು ಪ್ರತಿ ಸೆಲ್ಲಿನ ವೋಲ್ಟೇಜ್ ಅಳೆದು ತೋರಿಸಲು ಕೇಳಿ. ಒಟ್ಟು ಮೊತ್ತವೊಂದನ್ನೇ ನೋಡಿ ಒಪ್ಪಬೇಡಿ.